ಎಡ ಲೇನಿನ ಒಂದು ಮೀಟರು

ಇಲ್ಲ, ಅವನು ಕುಳಿತಿರಲಿಲ್ಲ, ನಿಂತೇ ಇದ್ದ, ಅಥವಾ ಕುಳಿತಿದ್ದನೇನೋ. ಈಗ ನನಗೆ ಕಾಣುವುದು ಅವನ ನೆತ್ತಿ ಮಾತ್ರ. ಪಕ್ಕದಲ್ಲೇ ಇದ್ದವಳಿಗೆ ನೆತ್ತಿ ಹೇಗೆ ಕಂಡೀತು? ಆಮೇಲೆ ಕಂಪನಿಯ ವಿಚಾರಣೆಯಲ್ಲಿ ರಿಸೆಪ್ಷನ್ನಿನ ಚಾವಣಿ ಕ್ಯಾಮೆರಾದ ದೃಶ್ಯವನ್ನು ನನಗೆ ಮತ್ತೆ ಮತ್ತೆ ತೋರಿಸಿದರು. ಅದು ನನ್ನ ಸ್ವಂತ ನೆನಪನ್ನು ಎಬ್ಬಿಸಿ ಓಡಿಸಿ ಆ ಜಾಗದಲ್ಲಿ ತಾನು ಕೂತುಬಿಟ್ಟಿದೆ. ಆ ದೃಶ್ಯಕ್ಕೆ ಧ್ವನಿಯಿಲ್ಲ. ಹಾಗಾಗಿ ಚಿತ್ರ ಯಂತ್ರದ್ದು, ಮಾತು ನನ್ನದು. ಎರಡನ್ನೂ ಹೊಲಿದು ಒಂದು ಕಥೆ ಮಾಡಬಹುದು. ಹೊಲಿಗೆ ಕಾಣಿಸದಂತೆ ಮಾಡುವ ಆಸೆ ನನಗಿಲ್ಲ.

ನಾನಾಗ ನೋಯ್ಡಾದಲ್ಲಿ, ರಸ್ತೆಯ ವೇಗದ ಕ್ಯಾಮೆರಾಗಳನ್ನು ಗುತ್ತಿಗೆಗೆ ಹಿಡಿದು ನಡೆಸುವ ಕಂಪನಿಯೊಂದರಲ್ಲಿ ಪರಿಶೀಲನಾ ವಿಭಾಗದ ಮುಖ್ಯಸ್ಥೆ. ಕಂಬಗಳಿಂದ ಬರುವ ಚಿತ್ರಗಳು ನಮ್ಮ ಕೋಣೆಯ ಪರದೆಗಳಲ್ಲಿ ಸಾಲುಗಟ್ಟುತ್ತಿದ್ದವು. ಒಂದು ವಾಹನಕ್ಕೆ ಎರಡು ಚಿತ್ರ, ನಂಬರ್ ಪ್ಲೇಟಿನ ತುಣುಕು, ಜಾಗ, ಹೊತ್ತು, ವೇಗ. ಪ್ಲೇಟಿನ ಅಂಕೆಗಳನ್ನು ಯಂತ್ರ ಸರಿಯಾಗಿ ಓದಿದೆಯೇ, ಸ್ಕೂಟರಿನ ನಂಬರು ಸ್ಕೂಟರಿಗೇ ಸೇರಿದ್ದೇ, ಚಿತ್ರದಲ್ಲಿ ಇನ್ನೊಂದು ಗಾಡಿ ಅಡ್ಡ ಬಂದಿಲ್ಲವೇ ಎಂದು ಆಪರೇಟರುಗಳು ನೋಡಿ ಹಸಿರು ಅಥವಾ ಕೆಂಪು ಗುಂಡಿ ಒತ್ತಬೇಕು. ಹಸಿರು ಒತ್ತಿದರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ಮೊಬೈಲಿಗೆ ದಂಡದ ಚಲಾನ್ ಹೋಗುತ್ತದೆ, ಜೊತೆಗೆ ಚಿತ್ರವೂ. ಕೆಂಪು ಒತ್ತಿದರೆ ಯಾರಿಗೂ ಏನೂ ಹೋಗುವುದಿಲ್ಲ. ವೇಗ ಸರಿಯೇ ಎಂದು ಯಾರೂ ನೋಡುತ್ತಿರಲಿಲ್ಲ. ಅದು ಯಂತ್ರದ ಮಾತು, ಯಂತ್ರಕ್ಕೆ ಸರ್ಟಿಫಿಕೇಟು ಇತ್ತು.

ಮುಖ ಮಬ್ಬು ಮಾಡುವುದೂ ಯಂತ್ರದ್ದೇ ಕೆಲಸ. ಕಾರಿನಲ್ಲಿ ಯಾರ ಪಕ್ಕ ಯಾರು ಕೂತಿದ್ದರು ಎಂಬ ಜಗಳಗಳು ನಮ್ಮ ಬಾಗಿಲಿಗೆ ಬಂದ ಮೇಲೆ ಮಾಡಿದ ಏರ್ಪಾಡು ಅದು. ಗಾಜಿನ ಹಿಂದಿನ ಮುಖಗಳ ಮೇಲೆ ಬೂದು ಚೌಕ ಬೀಳುತ್ತಿತ್ತು. ಆದರೆ ದ್ವಿಚಕ್ರಗಳ ಪ್ಲೇಟು ಹಿಂದಿನಿಂದಲೇ ಚೆನ್ನಾಗಿ ಕಾಣುವುದರಿಂದ ಅವುಗಳನ್ನು ಕ್ಯಾಮೆರಾ ಹಿಂದಿನಿಂದ ಹಿಡಿಯುತ್ತದೆ. ಹಿಂದಿನಿಂದ ಮುಖವಿಲ್ಲ. ಮುಖವಿಲ್ಲದ ಮೇಲೆ ಮಬ್ಬು ಮಾಡುವುದು ಏನನ್ನು? ಬೆನ್ನಿಗೆ ಗುರುತಿಲ್ಲ ಎಂದು ನಾವೆಲ್ಲ ನಂಬಿದ್ದೆವು.

ಅವನು ಬಂದದ್ದು ಚಲಾನಿನ ಮೇಲೆ ತಕರಾರು ಮಾಡುವುದಕ್ಕಲ್ಲ. ರಿಸೆಪ್ಷನ್ನಿನಲ್ಲಿ ನಾನು ಮನೆಗೆ ಫೋನು ಮಾಡುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತ.

"ಕನ್ನಡದೋರಾ ಮೇಡಂ? ಕುಕ್ಕರ್ ಆಫ್ ಮಾಡಿ ಅಂತಿದ್ರಲ್ಲ, ಕೇಳಿಸ್ತು. ನಾನು ಜನಕಪುರಿಲಿರೋದು. ನೀವು?"

"ಕಿದ್ವಾಯಿ ನಗರ."

"ಅಚ್ಛಾ, ಸರ್ಕಾರಿ ಕ್ವಾರ್ಟರ್ಸು. ಯಜಮಾನ್ರು ಯಾವ ಮಿನಿಸ್ಟ್ರಿ?"

ಇದಕ್ಕೆ ನಾನು ಉತ್ತರಿಸಲಿಲ್ಲ ಎಂದುಕೊಂಡಿದ್ದೇನೆ. ದೃಶ್ಯದಲ್ಲಿ ನನ್ನ ತುಟಿ ಅಲ್ಲಾಡುತ್ತದೆ.

ಅವನು ಮೊಬೈಲು ತೆಗೆದು ತೋರಿಸಿದ. ನಮ್ಮದೇ ಚಿತ್ರಗಳು. ಒಂದೇ ಸ್ಕೂಟಿ, ಒಂದೇ ಕಂಬ, ಎಲ್ಲವೂ ಬೆಳಗಿನ ಹೊತ್ತು. ಓಡಿಸುವವಳ ಬೆನ್ನಿಗೆ ಅಂಟಿಕೊಂಡು ಒಂದು ಮಗು.

"ಗಾಡಿ ನನ್ನ ಹೆಸರಲ್ಲಿದೆ. ಓಡಿಸ್ತಿರೋಳು ನನ್ನ ಹೆಂಡ್ತಿ. ಮಗಳನ್ನ ಕರ್ಕೊಂಡು ಹೊರಟೋಗಿದಾಳೆ. ಎಲ್ಲಿ ಅಂತ ಗೊತ್ತೇ ಇರ್ಲಿಲ್ಲ ನೋಡಿ. ನಿಮ್ಮ ಚಲಾನ್ ಬಂದ ಮೇಲೇ ನೋಯ್ಡಾ ಅಂತ ತಿಳಿದಿದ್ದು. ನಿಮಗೆ ಥ್ಯಾಂಕ್ಸ್ ಹೇಳ್ಬೇಕು."

"ಏನು ಬೇಕಿತ್ತು?"

"ವಿಡಿಯೋ. ಕಂಬ ದಾಟಿದ ಮೇಲೆ ಎಡಕ್ಕೆ ತಿರುಗ್ತಾಳೋ ಸೀದಾ ಹೋಗ್ತಾಳೋ, ಅಷ್ಟೇ. ನಮ್ಮೋರು ಅಂತ ಒಂದು ಸಹಾಯ."

"ಮಾಲೀಕರಿಗೆ ಎರಡು ಫೋಟೋ ಹೋಗುತ್ತೆ. ಅದಕ್ಕಿಂತ ಹೆಚ್ಚು ಯಾರಿಗೂ ಕೊಡಲ್ಲ."

ಅವನು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. "ಮಗು ಸ್ವೆಟರ್ ನೋಡಿ. ಮರೂನು, ಕೈಗೆ ಹಳದಿ ಪಟ್ಟಿ. ಈ ಬಣ್ಣದ ಸ್ವೆಟರ್ ಎಷ್ಟು ಸ್ಕೂಲಲ್ಲಿ ಇದ್ದೀತು? ಎಡಗಡೆ ಸೆಕ್ಟರೋ ಮುಂದಿನ ಸೆಕ್ಟರೋ ಅಂತ ಗೊತ್ತಾದ್ರೆ ಒಂದು ದಿನದ ಕೆಲಸ ನನಗೆ."

"ಆಗಲ್ಲ."

"ಡೆಲ್ಲಿಲಿ ಕನ್ನಡದೋರಿಗೆ ಕನ್ನಡದೋರೇ ಆಗ್ಬೇಕು ಮೇಡಂ." ನಗುತ್ತಲೇ ಹೇಳಿದ. ಬಾಗಿಲವರೆಗೆ ಹೋಗಿ ತಿರುಗಿದ. "ಚಲೋ, ವಿಡಿಯೋ ಬೇಡ. ನೀವು ಚಲಾನ್ ಕಳಿಸ್ತಾ ಇರಿ. ಸಾಕು."

ಅವಳು ಬಂದದ್ದು ಇದಾದ ಕೆಲವು ದಿನಗಳಿಗೆ. ವಿಚಾರಣೆಯಲ್ಲಿ ನನಗೆ ಅವಳ ದೃಶ್ಯವನ್ನೇ ಮೊದಲು ತೋರಿಸಿದರು. ಹಾಗಾಗಿ ಈ ಕ್ರಮವೂ ನನ್ನ ತಲೆಯಲ್ಲಿ ಆಗಾಗ ತಿರುಗುಮುರುಗಾಗುತ್ತದೆ. ಅವನು ಮೊದಲು ಬಂದ ಎಂದೇ ಹೇಳುತ್ತೇನೆ. ಏಕೆಂದರೆ ಅವಳು ಮೊಬೈಲು ಚಾಚಿದಾಗ ಆ ಚಿತ್ರಗಳನ್ನು ನಾನು ಆಗಲೇ ನೋಡಿದ್ದೆ.

ಕೌಂಟರಿನಲ್ಲಿ ಗಲಾಟೆ ಎಂದು ಗಾರ್ಡ್ ಕರೆದ. ಅವಳು ಹೆಲ್ಮೆಟ್ಟನ್ನು ಕೌಂಟರಿನ ಮೇಲೆ ಕುಕ್ಕಿ ಹಿಂದಿಯಲ್ಲಿ ಬೈಯುತ್ತಿದ್ದಳು. ನಾನು ಕನ್ನಡದಲ್ಲಿ ಕರೆದ ಕೂಡಲೇ ಮುಖ ಇನ್ನಷ್ಟು ಗಂಟಾಯಿತು.

"ನೀವೇನಾ ಆ ಕನ್ನಡ ಮೇಡಂ? ಅವನು ಹೇಳಿದ, ಅಲ್ಲಿ ನಮ್ಮೋರೊಬ್ರು ಇದಾರೆ ಅಂತ. ಬತಾಯಿಯೇ, ಹೇಳಿ, ನೀವು ಸರ್ಕಾರಕ್ಕೆ ಕೆಲಸ ಮಾಡ್ತೀರೋ ಅವನಿಗೋ?"

ಅವಳ ತಂದೆ ಕೊಡಗಿನವರು, ಸೈನ್ಯದಲ್ಲಿ ಸುಬೇದಾರರಾಗಿದ್ದವರು. ದೆಹಲಿಯ ಕಂಟೋನ್ಮೆಂಟಿನಲ್ಲಿ ಬೆಳೆದವಳು. ಅವಳ ಕನ್ನಡ ಅರ್ಧ ದಾರಿಗೆ ಬಂದು ಹಿಂದಿಗೆ ಹೊರಳುತ್ತಿತ್ತು. ಮೊಬೈಲಿನಲ್ಲಿ ಅವನು ಅವಳಿಗೆ ಕಳಿಸಿದ್ದವು: ನಮ್ಮ ಪ್ರತಿ ಚಿತ್ರ, ಪ್ರತಿ ಚಿತ್ರದ ಕೆಳಗೆ ಗುಡ್ ಮಾರ್ನಿಂಗ್, ಕೈಮುಗಿದ ಗುರುತು.

"ಐವತ್ತರೊಳಗೆ ಓಡಿಸಿ. ಚಲಾನ್ ಬರಲ್ಲ," ಎಂದೆ.

"ನಲವತ್ತೈದು ದಾಟಲ್ಲ ನಾನು. ಹಿಂದೆ ಮಗು ಇರುತ್ತೆ, ಕಣ್ಣು ಮೀಟರ್ ಮೇಲೇ ಇರುತ್ತೆ. ನಿಮ್ಮ ಕ್ಯಾಮೆರಾ ಝೂಠಾ ಹೈ, ಸುಳ್ಳು ಹೇಳುತ್ತೆ."

"ಎಲ್ಲರೂ ಹಾಗೇ ಹೇಳ್ತಾರೆ."

"ಎಲ್ಲರಿಗೂ ನನ್ನ ಗಂಡನಂಥವನು ಇದಾನಾ?"

ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. ಇತ್ತು, ಲಾರಿಗಳು ನುಗ್ಗುವ ದಾರಿ. ಮಗುವನ್ನು ಕೂರಿಸಿಕೊಂಡು ಹೋಗುವಂಥದ್ದಲ್ಲ. ಪೊಲೀಸರಿಗೆ ಹೇಳಿದ್ದೀರಾ ಎಂದು ಕೇಳಿದೆ. ಅವಳು ಹೆಲ್ಮೆಟ್ಟನ್ನು ನನ್ನ ಕಡೆ ತಳ್ಳಿದಳು. "ಜನಕಪುರಿಲಿ ಇದನ್ನ ಮನೆಯೊಳಗೂ ಹಾಕ್ಕೋಬೇಕಿತ್ತು. ಈಗ ರೋಡಲ್ಲಿ ಮಾತ್ರ ಹಾಕ್ಕೋತೀನಿ. ಅಷ್ಟೇ ನನಗೆ ಸಿಕ್ಕಿರೋದು. ಅದನ್ನೂ ತೆಗೀತಿದೀರಿ ನೀವು."

ನನಗೆ ಸಿಟ್ಟು ಬಂತು. ಅನುಕಂಪ ಬಂತೆಂದು ಬರೆದರೆ ಚೆನ್ನಾಗಿರುತ್ತದೆ. ಬಂದದ್ದು ಸಿಟ್ಟು. ನನ್ನ ಕ್ಯಾಮೆರಾ ಸರಿಯಿದೆ ಎಂದು ತೋರಿಸಿ ಇವಳ ಬಾಯಿ ಮುಚ್ಚಿಸಬೇಕು ಎಂದುಕೊಂಡೇ ನಾನು ಮರುದಿನ ನನ್ನ ಕಾರನ್ನು ಆ ಕಂಬದ ಕಡೆ ತಿರುಗಿಸಿದ್ದು.

ಗಾಡಿಯ ಮೀಟರನ್ನು ನಂಬುವಂತಿಲ್ಲ. ಅದು ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಹಾಗಾಗಿ ಮೊಬೈಲಿನ ಜಿಪಿಎಸ್ ನೋಡಿಕೊಂಡು ಎಡ ಲೇನಿನಲ್ಲಿ ವೇಗವನ್ನು ನಲವತ್ತಕ್ಕೆ ಹಿಡಿದು ಓಡಿಸಿದೆ. ಕಚೇರಿಯಲ್ಲಿ ಕೂತಿದ್ದ ಆಪರೇಟರ್ ಫೋನಿನಲ್ಲಿ ಕ್ಯಾಮೆರಾ ಕಂಡ ವೇಗ ಹೇಳುತ್ತಿದ್ದ.

"ಐವತ್ತು ಮೇಡಂ."

ತಿರುಗಿಸಿಕೊಂಡು ಬಂದು ಮತ್ತೆ ಓಡಿಸಿದೆ.

"ಐವತ್ತು. ಸ್ವಲ್ಪ ನಿಧಾನ ಮೇಡಂ, ನಿಮಗೇ ಚಲಾನ್ ಕಳಿಸಬೇಕಾಗುತ್ತೆ."

ನಡು ಲೇನಿನಲ್ಲಿ ಓಡಿಸಿದೆ. ನಲವತ್ತು. ಬಲ ಲೇನಿನಲ್ಲೂ ನಲವತ್ತೇ. ಎಡಕ್ಕೆ ಬಂದೆ, ಐವತ್ತು. ಅಂದರೆ ಆ ಕಂಬದ ಕೆಳಗೆ ಕಾರುಗಳಿಗೆ ಒಂದು ವೇಗ, ಅಂಚು ಹಿಡಿದು ಹೋಗುವ ಸ್ಕೂಟರು, ಮೊಪೆಡ್ಡುಗಳಿಗೆ ಇನ್ನೊಂದು.

ಮ್ಯಾನೇಜರ್ ನನ್ನ ಮಾತನ್ನು ಚಹಾ ಕುಡಿಯುತ್ತ ಕೇಳಿದರು. "ಮೇಡಂ ಜೀ, ಕ್ಯಾಮೆರಾಕ್ಕೆ ಲ್ಯಾಬಿನ ಸರ್ಟಿಫಿಕೇಟು ಇದೆ. ನಿಮ್ಮ ಫೋನಿಗೆ ಇದೆಯಾ?"

ಕ್ಯಾಮೆರಾದಲ್ಲಿ ತಪ್ಪಿರಲಿಲ್ಲ, ಅದು ನಿಜ. ಆ ಕ್ಯಾಮೆರಾ ವೇಗವನ್ನು ಅಳೆಯುವುದು ಹೀಗೆ: ರಸ್ತೆಯ ಮೇಲೆ ಅಡ್ಡಕ್ಕೆ ಎರಡು ಬಿಳಿ ಪಟ್ಟೆ ಬಳಿದಿರುತ್ತಾರೆ. ಪಟ್ಟೆಗಳ ನಡುವೆ ಐದು ಮೀಟರು ಎಂದು ಯಂತ್ರಕ್ಕೆ ಹೇಳಿಕೊಟ್ಟಿರುತ್ತೇವೆ. ಒಂದನ್ನು ದಾಟಿ ಇನ್ನೊಂದನ್ನು ದಾಟಲು ಗಾಡಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಅದು ವೇಗ ಲೆಕ್ಕ ಹಾಕುತ್ತದೆ. ಲ್ಯಾಬಿನವರು ಪರೀಕ್ಷಿಸುವುದು ಯಂತ್ರವನ್ನು. ಪಟ್ಟೆಗಳನ್ನು ಲ್ಯಾಬಿಗೆ ಕಳಿಸಲಾಗುವುದಿಲ್ಲ. ಆ ರಸ್ತೆಗೆ ಚಳಿಗಾಲದ ಮೊದಲು ಹೊಸ ಟಾರು ಹಾಕಿದ್ದರು, ಪಟ್ಟೆಗಳನ್ನು ಹೊಸದಾಗಿ ಬಳಿದಿದ್ದರು. ಅವಳಿಗೆ ಚಲಾನುಗಳು ಶುರುವಾದದ್ದೂ ಅಲ್ಲಿಂದಲೇ.

ಅಳೆಯಬೇಕೆಂದರೆ ಲೇನು ಮುಚ್ಚಬೇಕು. ಲೇನು ಮುಚ್ಚಬೇಕೆಂದರೆ ನಮಗೆ ಗುತ್ತಿಗೆ ಕೊಟ್ಟ ಸಂಚಾರ ಇಲಾಖೆಯ ಅನುಮತಿ, ಒಬ್ಬ ಕಾನ್‌ಸ್ಟೇಬಲ್, ರಬ್ಬರಿನ ಕೋನುಗಳು. ಮೊದಲ ಸಲ ಅನುಮತಿ ಬಂದ ದಿನ ಮಂಜು ಕವಿದು, ಎದುರಿನ ಗಾಡಿ ಮೈಮೇಲೆ ಬಂದ ಮೇಲಷ್ಟೇ ಕಾಣುತ್ತಿತ್ತು; ಕಾನ್‌ಸ್ಟೇಬಲ್ ಆಗುವುದಿಲ್ಲವೆಂದು ನಮ್ಮನ್ನು ಹಿಂದಕ್ಕೆ ಕಳಿಸಿದ. ಎರಡನೆಯ ಸಲ ಬಿಸಿಲು ಬಂದಿತ್ತು, ಜೊತೆಗೆ ಜನರೂ. ನಮ್ಮ ಜಾಕೆಟ್ಟಿನ ಬೆನ್ನ ಮೇಲಿನ ಕ್ಯಾಮೆರಾ ಕಂಪನಿಯ ಹೆಸರು ಓದಿ ಗಾಡಿಗಳು ನಿಧಾನವಾಗುತ್ತಿದ್ದವು. ಒಬ್ಬ ಗಾಜು ಇಳಿಸಿ ಉಗಿದ. ಇನ್ನೊಬ್ಬ, ಒಳ್ಳೆಯ ಕೋಟು ಹಾಕಿದವನು, ನನ್ನ ಪಕ್ಕ ನಿಲ್ಲಿಸಿ ಹಿಂದಿಯಲ್ಲಿ ಕೇಳಿದ: "ಬೆಡ್‌ರೂಮಿಗೂ ಒಂದು ಹಾಕಿಬಿಡಿ ಮೇಡಂ. ಅಲ್ಲೂ ಸ್ಪೀಡು ಜಾಸ್ತಿ ಇದೆಯಾ ಅಂತ ನೋಡೋಣ." ಅವನ ಹಿಂದಿನವರು ಹಾರ್ನ್ ಒತ್ತಿ ಹಿಡಿದರು. ಕಾನ್‌ಸ್ಟೇಬಲ್ ನಕ್ಕ. ನಾನು ನೆಲಕ್ಕೆ ಕೂತು ಟೇಪು ಹಿಡಿದೆ.

ನಾಲ್ಕು ಮೀಟರು. ಮತ್ತೆ ಹಿಡಿದೆ. ನಾಲ್ಕೇ.

ಪಟ್ಟೆ ಬಳಿದ ಗುತ್ತಿಗೆದಾರನ ಮೇಸ್ತ್ರಿಯನ್ನು ಕರೆಸಿದೆವು. ಅವನಿಗೆ ಇದೇನು ದೊಡ್ಡ ವಿಷಯ ಎಂಬ ಬೇಸರ. "ಟೇಪಿನ ತುದಿ ಮುರಿದಿತ್ತು ಮೇಡಂ. ಒಂದರಿಂದ ಹಿಡಿಯೋದು. ಎಲ್ಲ ಕಡೆ ಹಾಗೇ ಅಲ್ವಾ?"

ಎಲ್ಲ ಕಡೆಯೂ ಹಾಗೇ. ನಮ್ಮ ಕ್ವಾರ್ಟರ್ಸಿಗೆ ಪರದೆ ಹಾಕಲು ಬಂದವನೂ ಒಂದರಿಂದಲೇ ಹಿಡಿದಿದ್ದ. ಸವೆದ ತುದಿಯನ್ನು ಬಿಟ್ಟು ಒಂದರ ಗುರುತಿನಿಂದ ಶುರು ಮಾಡುತ್ತಾರೆ. ಆಚೆ ತುದಿಯಲ್ಲಿದ್ದವನು ಒಂದು ಕೂಡಿಸಿಕೊಳ್ಳಬೇಕು. ಐದು ಬೇಕಾದರೆ ಆರಕ್ಕೆ ಗುರುತು. ಎಡ ಲೇನಿನಲ್ಲಿ ಈಚೆಯವನು ಐದು ಮೀಟರು ಬೇಕೆಂಬ ಅರ್ಥದಲ್ಲಿ 'ಪಾಂಚ್' ಎಂದು ಕೂಗಿದ್ದಾನೆ. ಆಚೆಯವನು, ಇವನು ಕೂಡಿಸಿಯೇ ಹೇಳಿದ್ದಾನೆಂದುಕೊಂಡು, ಟೇಪಿನ ಐದಕ್ಕೆ ಬಣ್ಣ ಬಳಿದಿದ್ದಾನೆ. ಮೇಸ್ತ್ರಿ ಹಾಗೆಂದ. ಅವನೂ ಅಲ್ಲಿ ಇದ್ದನೋ, ನಮ್ಮೆದುರಿಗೆ ಊಹಿಸಿ ಹೇಳಿದನೋ. ಉಳಿದ ಲೇನುಗಳಲ್ಲಿ ಯಾರೋ ಕೂಡಿಸಿಕೊಂಡಿದ್ದರು.

ಒಂದು ಪದ, ಒಂದು ಮೀಟರು. ಅಷ್ಟರ ಮೇಲೆ ಅವಳ ಗಂಡ ದಿನವೂ ಬೆಳಿಗ್ಗೆ ಅವಳ ಬೆನ್ನು ನೋಡುತ್ತಿದ್ದ.

ತಪ್ಪು ಸಿಕ್ಕಿದ ಮೇಲೆ ಎಲ್ಲ ಸುಲಭ ಎಂದುಕೊಂಡಿದ್ದೆ. ಮ್ಯಾನೇಜರ್ ಚಹಾ ಬಿಟ್ಟು ಎದ್ದು ಬಾಗಿಲು ಹಾಕಿದರು.

ಮಂಜಿನ ದಿನಗಳಲ್ಲಿ ಎಷ್ಟೋ ಪ್ಲೇಟುಗಳನ್ನು ಯಂತ್ರ ಸರಿಯಾಗಿ ಓದಲಾರದೆ ನಮ್ಮಲ್ಲಿ ಚಿತ್ರಗಳು ರಾಶಿ ಬಿದ್ದಿದ್ದವು. ಆಪರೇಟರುಗಳು ಕಣ್ಣಿಟ್ಟು ಒಂದೊಂದನ್ನೇ ಓದುತ್ತಿದ್ದರು. ವಾರಗಟ್ಟಲೆ ಹಿಂದಿನ ಚಿತ್ರಗಳಿನ್ನೂ ಹಸಿರೂ ಅಲ್ಲ, ಕೆಂಪೂ ಅಲ್ಲ. ಎಡ ಲೇನಿನ ಅಷ್ಟನ್ನೂ ಕೆಂಪು ಮಾಡೋಣ ಎಂದೆ.

"ಕೆಂಪು ಬೇಡ," ಎಂದರು. "ಇಲಾಖೆಯವರು ನೋಡೋದೇ ಕೆಂಪು ಎಷ್ಟು ಅಂತ. ಗುತ್ತಿಗೆ ಮುಂದುವರಿಸೋ ಹೊತ್ತು ಇದು. ಮೊದಲು ಇಶ್ಯೂ ಮಾಡಿ, ಆಮೇಲೆ ಕ್ಯಾನ್ಸಲ್ ಮಾಡೋಣ. ಕ್ಯಾನ್ಸಲ್ ಅಂದ್ರೆ ದಯೆ ತೋರಿಸಿದ ಹಾಗೆ. ಕೆಂಪು ಅಂದ್ರೆ ನಮ್ಮ ತಪ್ಪು."

"ಇಶ್ಯೂ ಮಾಡಿದ್ರೆ ಒಂದು ಸಲ ಫೋಟೋ ಹೋಗುತ್ತೆ. ಕ್ಯಾನ್ಸಲ್ ಸಂದೇಶದಲ್ಲಿ ಇನ್ನೊಂದು ಸಲ."

"ಹೋಗಲಿ. ಚಲಾನ್ ಮಾಫ್ ಆಯ್ತು ಅಂತ ಜನ ಮಿಠಾಯಿ ಹಂಚ್ತಾರೆ."

ನಾನು ಅವಳ ವಿಷಯ ಹೇಳಿದೆ. ಅವರು ಕೇಳಿದರು, ನಿಜವಾಗಿ ಕೇಳಿದರು. ಆಮೇಲೆ ಹೇಳಿದರು: "ಆರ್‌ಸಿ ಗಂಡನ ಹೆಸರಲ್ಲಿದೆ. ಕಾನೂನಿನ ಪ್ರಕಾರ ಅವನ ಗಾಡಿ, ಅವನ ಫೋಟೋ. ಗಂಡ ಹೆಂಡತಿ ನಡುವೆ ನಾವ್ಯಾಕೆ ಹೋಗ್ಬೇಕು?"

"ಹೋಗಿ ನಿಂತಾಗಿದೆ ಸರ್. ಕಂಬ ನೆಟ್ಟುಕೊಂಡು ನಿಂತಿದೀವಿ."

"ಮೇಡಂ ಜೀ, ಈ ಡೈಲಾಗು ಮನೇಲಿ ಹೇಳಿ." ಅವರಿಗೆ ಇಲಾಖೆಯಲ್ಲಿ ಮೀಟಿಂಗ್ ಇತ್ತು. "ನಾನು ವಾಪಸ್ ಬರೋಷ್ಟರಲ್ಲಿ ರಾಶಿ ಖಾಲಿ ಆಗಿರಬೇಕು. ಎಲ್ಲ ಹಸಿರು."

ಅವರು ಹೋದ ಮೇಲೆ ನಾನು ಅವಳ ಪ್ಲೇಟಿನ ನಂಬರು ಹಾಕಿ ರಾಶಿಯಲ್ಲಿ ಹುಡುಕಿದೆ. ಹುಡುಕಬಾರದಿತ್ತು, ಅದೂ ಒಂದು ಬೇಹು. ಚಿತ್ರಗಳು ತೆರೆದುಕೊಂಡವು. ಬೆನ್ನು, ಮರೂನು ಸ್ವೆಟರು, ಚೀಲ. ಅವುಗಳಲ್ಲಿ ಒಂದರಲ್ಲಿ ಸ್ಕೂಟಿಯ ಎಡ ಇಂಡಿಕೇಟರು ಹೊತ್ತಿಕೊಂಡಿತ್ತು, ಗಾಡಿ ಸರ್ವಿಸ್ ರಸ್ತೆಯ ಬಾಯಿಯ ಕಡೆ ವಾಲಿತ್ತು. ಅವನು ನನ್ನ ಬಳಿ ಕೇಳಿದ್ದು ಇದೊಂದನ್ನೇ. ವಿಡಿಯೋ ಬೇಕಿರಲಿಲ್ಲ. ಒಂದು ಹಸಿರು ಗುಂಡಿ ಸಾಕಿತ್ತು.

ನಾನು ಮಾಡಿದ್ದು ಇಷ್ಟು. ಆ ಕಂಬದ ಎಡ ಲೇನನ್ನು ಪರೀಕ್ಷಾ ಸ್ಥಿತಿಗೆ ಹಾಕಿದೆ. ಹೊಸ ಚಿತ್ರ ಬರುವುದು ನಿಂತಿತು. ಆಪರೇಟರುಗಳಿಗೆ ಗುಂಡಿಗಳಿಂದ ಕೈ ತೆಗೆಯಿರಿ ಎಂದೆ.

"ಟಾರ್ಗೆಟ್ ಮೇಡಂ?" ಎಂದ ಒಬ್ಬ.

"ಇವತ್ತು ಇಲ್ಲ."

"ಸರ್ ಕೇಳಿದ್ರೆ?"

"ನನ್ನ ಹೆಸರು ಹೇಳಿ."

"ಹೇಳ್ತೀವಿ," ಎಂದ, ಖುಷಿಯಿಂದಲೇ.

ಎಡ ಲೇನಿನ ರಾಶಿಯನ್ನು ಪುಟಪುಟವಾಗಿ ಆರಿಸಿ ಕೆಂಪು ಒತ್ತುತ್ತ ಹೋದೆ. ಅವಳದ್ದಷ್ಟನ್ನೇ ತೆಗೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮ್ಯಾನೇಜರರಿಗೂ. ಆದರೆ ಆಗ ನಾನೂ 'ನಮ್ಮೋರು ಅಂತ ಒಂದು ಸಹಾಯ' ಮಾಡಿದವಳಾಗುತ್ತಿದ್ದೆ. ಹೀಗೆ ಆ ಹೊತ್ತಿನಲ್ಲಿ ಯೋಚಿಸಿದೆನೋ ಅಥವಾ ವಿಚಾರಣೆಯಲ್ಲಿ ಉತ್ತರ ಕೊಡಲು ಕಟ್ಟಿಕೊಂಡೆನೋ, ಹೇಳಲಾರೆ. ಕಾರಣ ಕೇಳುವ ಜಾಗದಲ್ಲಿ ಪ್ರತಿ ಪುಟಕ್ಕೂ ಒಂದೇ ಮಾತು ಬರೆದೆ: ಪಟ್ಟೆಗಳ ಅಂತರ ನಾಲ್ಕು ಮೀಟರು, ಐದು ಎಂದು ನಮೂದಾಗಿದೆ, ತಪ್ಪು ನಮ್ಮದು.

ಆಮೇಲೆ ಅವಳಿಗೆ ಫೋನು ಮಾಡಿದೆ. ನಂಬರು ಅವಳೇ ಕೌಂಟರಿನಲ್ಲಿ ಕೊಟ್ಟು ಹೋಗಿದ್ದಳು.

"ಕ್ಯಾಮೆರಾ ತಪ್ಪೇ ಇತ್ತು. ಎಡ ಲೇನ್ ನಿಲ್ಲಿಸಿದೀನಿ."

"ಎಷ್ಟು ದಿನ?"

"ಗೊತ್ತಿಲ್ಲ. ಪಟ್ಟೆ ಮತ್ತೆ ಬಳಿಯೋವರೆಗೆ."

"ಅವನ ಹತ್ರ ಇರೋ ಹಳೇದು?"

"ಅದು ಅವನ ಹತ್ರಾನೇ ಇರುತ್ತೆ."

ಅತ್ತ ಕಡೆ ಮಗು ಏನೋ ಕೇಳುತ್ತಿತ್ತು, ಹಿಂದಿಯಲ್ಲಿ. ಅವಳು ಅದನ್ನು ಗದರಿಸಿದಳು. "ಥ್ಯಾಂಕ್ಸ್ ಅನ್ನಲ್ಲ ಅಕ್ಕ," ಎಂದಳು. "ಅನ್ನೋಕೆ ಆಗ್ತಿಲ್ಲ."

"ಬೇಡ," ಎಂದೆ.

ಮ್ಯಾನೇಜರ್ ಸಂಜೆ ಬಂದರು. ಕೂಗಾಡಲಿಲ್ಲ. ಮರುದಿನ ನನ್ನ ಲಾಗಿನ್ ತೆರೆಯಲಿಲ್ಲ. ವಿಚಾರಣೆಗೆ ಮೂವರು ಕೂತಿದ್ದರು, ಮೂವರಿಗೂ ಪಟ್ಟೆಯ ಅಳತೆಯಲ್ಲಿ ಆಸಕ್ತಿ ಇರಲಿಲ್ಲ. ಚಾವಣಿಯ ದೃಶ್ಯ ಓಡಿಸಿ, ಅವನ ನೆತ್ತಿ, ಅವಳ ಹೆಲ್ಮೆಟ್ಟು ತೋರಿಸಿ, ಅವರಲ್ಲಿ ಹಿರಿಯರಾದವರು ಕೇಳಿದರು: "ಇಬ್ಬರ ಜೊತೆಗೂ ನೀವು ನಿಮ್ಮ ಭಾಷೆಯಲ್ಲೇ ಮಾತಾಡಿದ್ದೀರಿ. ಏನು ಮಾತು ಅದು?" ನಾನು ಕನ್ನಡದ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಪ್ರತಿ ಸಲ ಸ್ವಲ್ಪ ಬೇರೆಯಾಗಿ ಬಂತು. ಅದನ್ನೂ ಬರೆದುಕೊಂಡರು. "ನಿಮ್ಮವರ ಕುಟುಂಬದ ಜಗಳಕ್ಕೆ ಕಂಪನಿಯ ಯಂತ್ರವನ್ನು ಬಳಸಿದಿರಿ" ಎಂಬುದು ಅವರ ತೀರ್ಮಾನ. ಅವಳ ಗಂಡನಿಗೂ ಇದನ್ನೇ ಕೇಳಬಹುದಿತ್ತು. ಅವನ ಮೇಲೆ ಯಾವ ದೂರೂ ಇರಲಿಲ್ಲ. ಅವನು ತನ್ನ ಗಾಡಿಯ ಚಲಾನುಗಳನ್ನು ತೆರೆದು ನೋಡಿದ್ದ, ಅಷ್ಟೆ.

ನಾನು ಕೆಲಸ ಬಿಟ್ಟೆ. ಬಿಡಿಸಿದರು ಎಂದರೂ ಸರಿಯೇ. ಪಟ್ಟೆಗಳನ್ನು ಮತ್ತೆ ಬಳಿದಿದ್ದಾರೆ, ಹೋಗಿ ನೋಡಿ ಬಂದೆ. ಅಳೆಯಲು ಬಿಡಲಿಲ್ಲ. ಮೊದಲೇ ಹೋಗಿದ್ದ ಚಲಾನುಗಳು ಏನಾದವು ಎಂದು ಕೇಳಿದರೆ ಉತ್ತರಿಸುವವರಿಲ್ಲ. ಅವಳ ಫೋನು ಕೆಲವು ವಾರ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಈಗ ಆ ನಂಬರು ಬಳಕೆಯಲ್ಲಿಲ್ಲ ಎನ್ನುತ್ತದೆ. ನಂಬರು ಬದಲಿಸುವುದು ಬುದ್ಧಿವಂತಿಕೆ. ಹಾಗೆಂದುಕೊಳ್ಳಲು ನನಗೆ ಅನುಕೂಲವೂ ಹೌದು.

ಉಳಿದಿರುವುದು ಇಂಡಿಕೇಟರಿನ ಆ ಚಿತ್ರ. ನಾನು ಲೇನು ನಿಲ್ಲಿಸುವ ಮೊದಲು, ಮ್ಯಾನೇಜರರ ಮಾತಿನಂತೆ, ಆಪರೇಟರುಗಳು ರಾಶಿಯನ್ನು ಖಾಲಿ ಮಾಡಲು ಶುರು ಮಾಡಿದ್ದರು. ಎಷ್ಟು ಪುಟ ದಾಟಿದ್ದರೋ ನಾನು ಕೇಳಲಿಲ್ಲ. ಆ ಚಿತ್ರಕ್ಕೆ ನಾನೇ ಕೆಂಪು ಒತ್ತಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ: ಬೆರಳು, ಗುಂಡಿ, ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ. ಅದನ್ನು ತೆರೆದಾಗ ಮೂಲೆಯಲ್ಲಿ ಆಗಲೇ ಹಸಿರು ಚುಕ್ಕೆ ಇದ್ದದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಹಸಿರಾದದ್ದನ್ನು ಕೆಂಪು ಮಾಡಲು ಆ ಯಂತ್ರದಲ್ಲಿ ಬರುವುದಿಲ್ಲ. ಎರಡರಲ್ಲಿ ಒಂದು ಸುಳ್ಳು. ಪರದೆಯನ್ನು ಮತ್ತೆ ನೋಡುವ ಹಕ್ಕು ನನಗಿಲ್ಲ. ಅದು ಅವನ ಮೊಬೈಲಿಗೆ ಹೋಯಿತೋ ಇಲ್ಲವೋ, ಹೋಗಿದ್ದರೆ ಅವನು ಆ ಕಂಬ ದಾಟಿ ಎಡಕ್ಕೆ ತಿರುಗಿದನೋ ಇಲ್ಲವೋ, ನನಗೆ ಗೊತ್ತಿಲ್ಲ.